ದಮ್ಮಿನ ಹಿಂದಿನ ಉರಿ: ಅಳೆಯುವುದು ಹೇಗೆ, ಓದುವುದು ಹೇಗೆ?

ರಕ್ತಪರೀಕ್ಷೆಯ ಚೀಟಿ ಕೈಗೆ ಬಂದರೆ ಕಣ್ಣು ಮೊದಲು ಹೋಗುವುದು ಹಿಮೋಗ್ಲೋಬಿನ್ ಮತ್ತು ಸಕ್ಕರೆಯ ಸಾಲಿಗೆ. ವರ್ಷಗಟ್ಟಲೆ ದಮ್ಮು, ಕೆಮ್ಮಿನಿಂದ ಬಳಲುತ್ತಿರುವವರು ಇನ್ನೊಂದು ಸಾಲನ್ನೂ ಹುಡುಕಬೇಕು. ಬಿಳಿ ರಕ್ತಕಣಗಳ ಒಟ್ಟು ಎಣಿಕೆಯ ಕೆಳಗೆ ನ್ಯೂಟ್ರೊಫಿಲ್, ಲಿಂಫೊಸೈಟ್ ಎಂದೆಲ್ಲ ಶೇಕಡಾವಾರು ವಿಂಗಡಣೆ ಇರುತ್ತದಲ್ಲ, ಅದರಲ್ಲೇ ಇಯೊಸಿನೊಫಿಲ್ ಕೂಡ ಇರುತ್ತದೆ. ಒಟ್ಟು ಎಣಿಕೆ 8,000, ಇಯೊಸಿನೊಫಿಲ್ ಶೇ 6 ಎಂದಿದ್ದರೆ ಲೆಕ್ಕ ಹಾಕಿ: ಒಂದು ಮೈಕ್ರೊಲೀಟರ್ ರಕ್ತದಲ್ಲಿ 480. ಕೆಲವು ಲ್ಯಾಬುಗಳು ಇದನ್ನು ಎಇಸಿ ಎಂಬ ಹೆಸರಿನಲ್ಲಿ ತಾವೇ ಬರೆದುಕೊಡುತ್ತವೆ. ವೈದ್ಯರಿಗೆ ಬೇಕಾದದ್ದು ಈ 480. ಒಟ್ಟು ಎಣಿಕೆಯೇ 4,000ಕ್ಕೆ ಇಳಿದಿದ್ದರೆ ಅದೇ ಶೇ 6 ಬರೀ 240 ಆಗುತ್ತದೆ. ಹಾಗಾಗಿ ಶೇಕಡಾವಾರು ಅಂಕಿ ನಂಬಿ ಕೂರುವಂತಿಲ್ಲ.

"ನನಗೆ ಇಸ್ನೋಫೀಲಿಯಾ ಇದೆ" ಎನ್ನುವವರು ನಮ್ಮಲ್ಲಿ ಯಾವ ಊರಿಗೆ ಹೋದರೂ ಸಿಗುತ್ತಾರೆ. ಅದೇ ಒಂದು ರೋಗ ಎಂದು ತಿಳಿದು ಅದಕ್ಕೆ ಮಾತ್ರೆ ಕೇಳುತ್ತಾರೆ. ಆದರೆ ಈ ಕಣ ಹೆಚ್ಚಾಗುವುದು ರೋಗವಲ್ಲ, ಒಳಗೆ ಏನೋ ನಡೆಯುತ್ತಿದೆ ಎಂಬುದರ ಸುಳಿವು. ಇಂಥ ಸುಳಿವುಗಳನ್ನು ಬಯೊಮಾರ್ಕರ್, ಅಂದರೆ ಜೈವಿಕ ಸೂಚಕ ಎನ್ನುತ್ತಾರೆ. ಅಸ್ತಮಾ, ಸಿಒಪಿಡಿಯಂಥ ದೀರ್ಘಕಾಲದ ಶ್ವಾಸನಾಳದ ಕಾಯಿಲೆಗಳಲ್ಲಿ ರಕ್ತ, ಕಫ, ಮೂತ್ರ, ಉಸಿರು ಎಲ್ಲದರಲ್ಲೂ ಸೂಚಕಗಳನ್ನು ಹುಡುಕಿದ್ದಾರೆ. ಸಂಶೋಧನಾ ಪ್ರಬಂಧಗಳಲ್ಲಿ ಇವುಗಳ ಪಟ್ಟಿ ಉದ್ದಕ್ಕೆ ಬೆಳೆದಿದೆ. ವೈದ್ಯರ ಮೇಜಿನವರೆಗೆ ಬಂದು ಮುಟ್ಟಿದವು ಬೆರಳೆಣಿಕೆಯಷ್ಟು.

ಮೊದಲಿಗೆ, ಇವು ಯಾಕೆ ಬೇಕು? ಊದಿ ನೋಡುವ ಸ್ಪೈರೊಮೆಟ್ರಿ ಪರೀಕ್ಷೆ ಇದೆಯಲ್ಲ? ಇದೆ. ಗಾಳಿ ಎಷ್ಟು ವೇಗವಾಗಿ ಹೊರಬರುತ್ತದೆ, ನಾಳ ಎಷ್ಟು ಕಿರಿದಾಗಿದೆ ಎಂದು ಅದು ಹೇಳುತ್ತದೆ. ಯಾವುದರಿಂದ ಕಿರಿದಾಯಿತು ಎಂದು ಹೇಳುವುದಿಲ್ಲ. ಇಬ್ಬರ ಎದೆಯಲ್ಲೂ ಒಂದೇ ತರಹದ ಸುಯ್ ಸದ್ದು ಕೇಳಬಹುದು. ಒಬ್ಬರ ನಾಳದ ಗೋಡೆಯಲ್ಲಿ ಅಲರ್ಜಿಯ ಬಗೆಯ ಉರಿಯೂತ, ಇನ್ನೊಬ್ಬರಲ್ಲಿ ಹೊಗೆ ಕುಡಿದು ಕುಡಿದು ಬಂದ ಉರಿಯೂತ ಇರಬಹುದು. ಮೊದಲನೆಯದು ಸ್ಟೀರಾಯ್ಡ್ ಇನ್‌ಹೇಲರಿಗೆ ಚೆನ್ನಾಗಿ ಬಗ್ಗುತ್ತದೆ. ಎರಡನೆಯದು ಅಷ್ಟಾಗಿ ಬಗ್ಗುವುದಿಲ್ಲ. ಈ ವ್ಯತ್ಯಾಸವನ್ನು ಔಷಧಿ ಕೊಡುವ ಮೊದಲೇ ತಿಳಿಸುವುದು ಸೂಚಕದ ಕೆಲಸ. ನನ್ನ ಮಟ್ಟಿಗೆ, ಈ ಒಂದು ಪ್ರಶ್ನೆಗೆ ಉತ್ತರ ಕೊಡದ ಸೂಚಕ ಎಷ್ಟೇ ದುಬಾರಿಯಾಗಿದ್ದರೂ ರೋಗಿಯ ಪಾಲಿಗೆ ಬರೀ ಅಂಕಿ.

ಅಲರ್ಜಿ ಬಗೆಯ ಉರಿಯೂತದಲ್ಲಿ ದೇಹದ ರಕ್ಷಣಾ ಕಣಗಳು ಇಂಟರ್‌ಲ್ಯೂಕಿನ್ 4, 5, 13 ಎಂಬ ಸಂದೇಶ ರಾಸಾಯನಿಕಗಳನ್ನು ಹೊರಬಿಡುತ್ತವೆ. ಅಸ್ಥಿಮಜ್ಜೆಯಲ್ಲಿ ಇಯೊಸಿನೊಫಿಲ್‌ಗಳನ್ನು ಬೆಳೆಸಿ ಹೊರಗೆ ಕಳಿಸುವುದು ಐದನೆಯದು. ಹದಿಮೂರನೆಯದು ಶ್ವಾಸನಾಳದ ಒಳಪದರದ ಜೀವಕೋಶಗಳಿಂದ ನೈಟ್ರಿಕ್ ಆಕ್ಸೈಡ್ ಅನಿಲ ಬರುವಂತೆ ಮಾಡುತ್ತದೆ. ನಾಲ್ಕನೆಯದು ಐಜಿಇ ಪ್ರತಿಕಾಯವನ್ನು ಏರಿಸುತ್ತದೆ. ಹಾಗಾಗಿ ರಕ್ತದ ಇಯೊಸಿನೊಫಿಲ್, ಉಸಿರಿನ ನೈಟ್ರಿಕ್ ಆಕ್ಸೈಡ್, ರಕ್ತದ ಐಜಿಇ ಈ ಮೂರೂ ಒಂದೇ ಮನೆಯ ಬೇರೆ ಬೇರೆ ಕಿಟಕಿಗಳು. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಂಡೀತು.

ಇಯೊಸಿನೊಫಿಲ್ ಕಣವನ್ನು ಬಣ್ಣ ಹಾಕಿ ಗುರುತಿಸಿದ್ದು ಜರ್ಮನಿಯ ಪಾಲ್ ಎಹ್ರ್ಲಿಖ್, 1879ರಲ್ಲಿ. ಇಯೊಸಿನ್ ಎಂಬ ಕೆಂಪು ಬಣ್ಣವನ್ನು ಅದರೊಳಗಿನ ಕಣಿಕೆಗಳು ಗಬಕ್ಕನೆ ಹೀರುತ್ತಿದ್ದವು. ಅಸ್ತಮಾ ರೋಗಿಗಳ ಕಫದಲ್ಲಿ ಸೂಜಿಯಂಥ ಸ್ಫಟಿಕಗಳನ್ನು ಅದಕ್ಕೂ ಮೊದಲೇ ಲೈಡನ್ ಎಂಬ ವೈದ್ಯರು ಕಂಡಿದ್ದರು; ಅವು ಇದೇ ಕಣದ ಪ್ರೋಟೀನಿನಿಂದ ಆದವು ಎಂದು ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ಈ ಕಣದ ಕಥೆಯಲ್ಲಿ ನಮ್ಮ ಕೋಲಾರದ ಗಡಿಯಾಚೆಗಿನ ಊರೊಂದು ಬರುತ್ತದೆ. ಮದನಪಲ್ಲಿಯ ಹತ್ತಿರದ ಆರೋಗ್ಯವರಂ ಕ್ಷಯರೋಗ ಆಸ್ಪತ್ರೆಯಲ್ಲಿದ್ದ ಫ್ರಿಮೊಟ್ ಮೊಲರ್ ಮತ್ತು ಬಾರ್ಟನ್ 1940ರಲ್ಲಿ ಒಂದು ವಿಚಿತ್ರ ಸ್ಥಿತಿಯನ್ನು ವರದಿ ಮಾಡಿದರು. ಎಕ್ಸ್-ರೇ ನೋಡಿದರೆ ಕ್ಷಯದಂತೆಯೇ ಮಚ್ಚೆಗಳು. ರಕ್ತದಲ್ಲಿ ಮಾತ್ರ ಇಯೊಸಿನೊಫಿಲ್ ವಿಪರೀತ. 1943ರಲ್ಲಿ ವೈನ್‌ಗಾರ್ಟನ್ ಇದಕ್ಕೆ ಟ್ರಾಪಿಕಲ್ ಇಯೊಸಿನೊಫಿಲಿಯಾ ಎಂದು ಹೆಸರಿಟ್ಟರು. ಆನೆಕಾಲು ರೋಗ ತರುವ ಫೈಲೇರಿಯಾ ಹುಳುವಿನ ಮರಿಗಳಿಗೆ ಶ್ವಾಸಕೋಶ ಅತಿಯಾಗಿ ಪ್ರತಿಕ್ರಿಯಿಸುವುದೇ ಅದರ ಮೂಲ ಎಂದು ಮುಂದೆ ತಿಳಿಯಿತು. ರಾತ್ರಿಯಿಡೀ ಕೆಮ್ಮು, ಅಸ್ತಮಾದಂತೆಯೇ ದಮ್ಮು, ಎಣಿಕೆ ಸಾಮಾನ್ಯವಾಗಿ 3,000ಕ್ಕಿಂತ ಮೇಲೆ. ಇದಕ್ಕೆ ಕೊಡುವುದು ಫೈಲೇರಿಯಾದ ಡಿಇಸಿ ಮಾತ್ರೆ. ಅಸ್ತಮಾದ ಇನ್‌ಹೇಲರ್ ಹಿಡಿದು ಕೂತರೆ ಮೂಲ ಹಾಗೇ ಉಳಿಯುತ್ತದೆ. ಕಲಬುರಗಿ, ಯಾದಗಿರಿ, ಬೀದರ್ ಕಡೆಯವರಲ್ಲಿ, ಕರಾವಳಿಯವರಲ್ಲಿ ಎಣಿಕೆ ಸಾವಿರಗಟ್ಟಲೆ ಬಂದರೆ ವೈದ್ಯರು ಫೈಲೇರಿಯಾದ ಬಗ್ಗೆ ಕೇಳುವುದು ಇದಕ್ಕೇ.

ಕರುಳಿನ ಜಂತುಹುಳುಗಳೂ ಎಣಿಕೆಯನ್ನು ಏರಿಸುತ್ತವೆ. ಬ್ರಿಟನ್ನಿನಲ್ಲಿ 2024ರ ಮಾರ್ಗಸೂಚಿಯ ಪ್ರಕಾರ ಅಸ್ತಮಾದ ಲಕ್ಷಣಗಳಿರುವ ವಯಸ್ಕರ ಇಯೊಸಿನೊಫಿಲ್ ಎಣಿಕೆ ಲ್ಯಾಬಿನ ಮಿತಿ ಮೀರಿದ್ದರೆ ಅಸ್ತಮಾ ಎಂದು ಹೇಳಿಬಿಡಬಹುದು. ಅಲ್ಲಿಗೆ ಅದು ಸರಿ. ಬರಿಗಾಲಲ್ಲಿ ಗದ್ದೆಗಿಳಿಯುವ ನಮ್ಮ ಹಳ್ಳಿಗಳಿಗೆ ಅದನ್ನೇ ಎತ್ತಿ ತಂದರೆ ಕೊಕ್ಕೆಹುಳುವೂ ಅಸ್ತಮಾ ಆಗಿಬಿಡುತ್ತದೆ. ಇದರಲ್ಲಿ ಅಪಾಯವೂ ಇದೆ: ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳು ಒಳಗಿದ್ದವರಿಗೆ ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಅದು ದೇಹವಿಡೀ ಹರಡಿ ಜೀವಕ್ಕೇ ಕುತ್ತು ಬರಬಹುದು.

ಎಣಿಕೆ ನಿಂತಲ್ಲಿ ನಿಲ್ಲುವುದೂ ಇಲ್ಲ. ದೇಹದ ಕಾರ್ಟಿಸಾಲ್ ಹಾರ್ಮೋನ್ ಬೆಳಿಗ್ಗೆ ಏರುತ್ತದೆ, ಆಗ ಇಯೊಸಿನೊಫಿಲ್ ಇಳಿಯುತ್ತದೆ. ರಾತ್ರಿ ಇದರ ತಿರುಗುಮುರುಗು. ಒಂದು ಡೋಸ್ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಕೆಲವೇ ಗಂಟೆಗಳಲ್ಲಿ ಎಣಿಕೆ ಕುಸಿಯುತ್ತದೆ. ಮೆಡಿಕಲ್ ಶಾಪಿನಲ್ಲಿ "ದಮ್ಮಿಗೆ ಒಂದು ಸೆಟ್ ಕೊಡಿ" ಎಂದು ಕೇಳಿ ತಂದ ಬಣ್ಣಬಣ್ಣದ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇದ್ದರೆ, ಮರುದಿನ ಕೊಟ್ಟ ರಕ್ತದಲ್ಲಿ ಇಯೊಸಿನೊಫಿಲ್ ಸೊನ್ನೆ ಎಂದೇ ಬರಬಹುದು. ರಿಪೋರ್ಟು ಸುಳ್ಳಲ್ಲ, ಹೊತ್ತು ತಪ್ಪಿದ್ದು.

ಇಷ್ಟೆಲ್ಲ ಗೊಂದಲ ಇದ್ದೂ ಈ ಕಣವನ್ನೇ ವೈದ್ಯರು ನೆಚ್ಚಿಕೊಂಡಿರುವುದು ಯಾಕೆಂದರೆ ಇದು ಮುಂದಿನ ಹೆಜ್ಜೆ ಹೇಳುತ್ತದೆ. ಸಿಒಪಿಡಿಯವರಲ್ಲಿ ಪದೇಪದೇ ರೋಗ ಉಲ್ಬಣಿಸುತ್ತಿದ್ದು ಎಣಿಕೆ 300 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸ್ಟೀರಾಯ್ಡ್ ಇನ್‌ಹೇಲರ್ ಸೇರಿಸುವುದರಿಂದ ಪ್ರಯೋಜನ ಆಗುವ ಸಾಧ್ಯತೆ ಹೆಚ್ಚು. 100ಕ್ಕಿಂತ ಕಡಿಮೆ ಇದ್ದರೆ ಲಾಭ ಅಷ್ಟಕ್ಕಷ್ಟೇ, ನ್ಯುಮೋನಿಯಾದ ಭಯ ಮಾತ್ರ ಏರುತ್ತದೆ. ನಡುವಿನವರ ವಿಷಯದಲ್ಲಿ ವೈದ್ಯರು ತೂಗಿ ನೋಡುತ್ತಾರೆ. ಕೈಗೆಟಕುವ ದರದ ಸಾಮಾನ್ಯ ರಕ್ತಪರೀಕ್ಷೆಯೊಂದು ಇಷ್ಟು ಕೆಲಸ ಮಾಡುತ್ತದೆ.

ಇನ್ನು ಉಸಿರು. ನೈಟ್ರಿಕ್ ಆಕ್ಸೈಡ್ ಎಂದರೆ ಬಹುಕಾಲ ವಾಹನಗಳ ಹೊಗೆಯಲ್ಲಿರುವ ವಿಷಾನಿಲ ಎಂದಷ್ಟೇ ಲೆಕ್ಕವಿತ್ತು. ಮನುಷ್ಯರು ಬಿಡುವ ಉಸಿರಲ್ಲೂ ಅದಿದೆ ಎಂದು ಸ್ವೀಡನ್ನಿನ ಗುಸ್ಟಾಫ್‌ಸನ್ ತಂಡ 1991ರಲ್ಲಿ ತೋರಿಸಿತು. ಅಸ್ತಮಾದವರ ಉಸಿರಲ್ಲಿ ಹೆಚ್ಚಿದೆ ಎಂಬುದು ಎರಡು ವರ್ಷಗಳ ನಂತರ ಬಂತು. ಈಗ ಫೆನೊ ಎಂಬ ಹೆಸರಿನಲ್ಲಿ ದೊಡ್ಡ ಆಸ್ಪತ್ರೆಗಳಲ್ಲಿ ಮಾಡುವ ಪರೀಕ್ಷೆ ಇದೇ.

ಪರೀಕ್ಷೆ ನಡೆಯುವ ಬಗೆ ಹೀಗೆ. ಕೈಯಲ್ಲಿ ಹಿಡಿಯಬಹುದಾದ ಸಣ್ಣ ಯಂತ್ರ. ಎದೆಯಲ್ಲಿರುವ ಗಾಳಿಯನ್ನು ಮೊದಲು ಪೂರ್ತಿ ಹೊರಹಾಕಬೇಕು. ಆಮೇಲೆ ಯಂತ್ರದ ಬಾಯಿ ಕಚ್ಚಿ ಅದರ ಫಿಲ್ಟರ್ ಮೂಲಕ ಶುದ್ಧ ಗಾಳಿಯನ್ನು ಎದೆ ತುಂಬ ಎಳೆದುಕೊಳ್ಳಬೇಕು. ಸುತ್ತಲಿನ ರಸ್ತೆಯ ಹೊಗೆ ಲೆಕ್ಕಕ್ಕೆ ಸೇರದಿರಲಿ ಎಂದು ಈ ಫಿಲ್ಟರ್. ನಂತರ ನಿಧಾನವಾಗಿ, ಒಂದೇ ಸಮನೆ, ಸೆಕೆಂಡಿಗೆ 50 ಮಿಲಿಲೀಟರಿನಂತೆ ದೊಡ್ಡವರಾದರೆ 10 ಸೆಕೆಂಡು ಊದಬೇಕು, ಚಿಕ್ಕ ಮಕ್ಕಳಾದರೆ 6 ಸೆಕೆಂಡು. ಯಂತ್ರದೊಳಗೆ ಒಂದಿಷ್ಟು ಪ್ರತಿರೋಧ ಇಟ್ಟಿರುತ್ತಾರೆ. ಅದರ ವಿರುದ್ಧ ಊದುವಾಗ ಬಾಯೊಳಗೆ ಒತ್ತಡ ಉಂಟಾಗಿ ಕಿರುನಾಲಿಗೆಯ ಬಳಿಯ ಮೃದು ಅಂಗುಳು ಮೇಲೆದ್ದು ಮೂಗಿನ ದಾರಿ ಮುಚ್ಚಿಕೊಳ್ಳುತ್ತದೆ. ಮೂಗಿನ ಸುತ್ತಲಿನ ಸೈನಸ್ ಕುಳಿಗಳಲ್ಲಿ ನೈಟ್ರಿಕ್ ಆಕ್ಸೈಡ್ ಎದೆಗಿಂತ ಎಷ್ಟೋ ಪಾಲು ಹೆಚ್ಚು. ಅದು ಬೆರೆತರೆ ಲೆಕ್ಕ ಕೆಡುತ್ತದೆ. ಜೋರಾಗಿ ಊದಿದರೂ ಕೆಡುತ್ತದೆ, ಅನಿಲ ತೆಳುವಾಗಿ ಅಂಕಿ ಇಳಿಯುತ್ತದೆ. ಸ್ಪೈರೊಮೆಟ್ರಿಯಲ್ಲಿ "ಊದಿ, ಊದಿ, ಇನ್ನೂ ಊದಿ" ಎಂದು ಕೂಗಿಸಿಕೊಂಡು ಬಂದವರಿಗೆ ಈ ನಿಧಾನದ ಊದುವಿಕೆ ಮೊದಲ ಸಲ ಒಗ್ಗುವುದೇ ಇಲ್ಲ. ಎರಡೂ ಪರೀಕ್ಷೆ ಒಂದೇ ದಿನ ಇದ್ದರೆ ಫೆನೊ ಮೊದಲು ಆಗಬೇಕು, ಸ್ಪೈರೊಮೆಟ್ರಿಯ ರಭಸವೂ ಅಂಕಿಯನ್ನು ಇಳಿಸಬಲ್ಲದು.

ಫಲಿತಾಂಶ ಶತಕೋಟಿಗೆ ಇಷ್ಟು ಭಾಗ, ಅಂದರೆ ಪಿಪಿಬಿ ಲೆಕ್ಕದಲ್ಲಿ ಬರುತ್ತದೆ. ಅಮೆರಿಕದ ಎದೆರೋಗ ತಜ್ಞರ ಸಂಘ 2011ರಲ್ಲಿ ಹಾಕಿಕೊಟ್ಟ ಅಳತೆಯಂತೆ ದೊಡ್ಡವರಲ್ಲಿ 25ರ ಒಳಗಿದ್ದರೆ ಅಲರ್ಜಿ ಬಗೆಯ ಉರಿಯೂತ ಇರುವ ಸಾಧ್ಯತೆ ಕಡಿಮೆ, 50 ದಾಟಿದರೆ ಹೆಚ್ಚು. ಮಕ್ಕಳಿಗೆ ಈ ಗೆರೆಗಳು 20 ಮತ್ತು 35. ಸಿಗರೇಟು ಸೇದುವವರಲ್ಲಿ ಅಂಕಿ ಕೆಳಗೆ ಬೀಳುತ್ತದೆ, ಅದನ್ನು ಕಂಡು ಶ್ವಾಸಕೋಶ ಚೆನ್ನಾಗಿದೆ ಎಂದು ಖುಷಿಪಡುವಂತಿಲ್ಲ. ಬೀಟ್‌ರೂಟ್, ಪಾಲಕ್‌ನಂಥ ನೈಟ್ರೇಟ್ ಇರುವ ತರಕಾರಿ ತಿಂದು ಬಂದರೆ ಮೇಲೇರುತ್ತದೆ. ಪರೀಕ್ಷೆಯ ದಿನ ಬೀಟ್‌ರೂಟ್ ಪಲ್ಯ ಬಿಟ್ಟರಾಯಿತು.

ಫೆನೊದ ನಿಜವಾದ ಬೆಲೆ ಇರುವುದು ಇನ್ನೊಂದು ಕಡೆ. ಇನ್‌ಹೇಲರಿನ ಸ್ಟೀರಾಯ್ಡ್ ನಾಳದ ಗೋಡೆ ತಲುಪಿದರೆ ಈ ಅಂಕಿ ಕೆಲವೇ ದಿನಗಳಲ್ಲಿ ಇಳಿಯತೊಡಗುತ್ತದೆ. ಭಾರಿ ಡೋಸ್ ಬರೆದುಕೊಟ್ಟಿದ್ದರೂ ಅಂಕಿ ಮೇಲೆಯೇ ನಿಂತಿದ್ದರೆ ಮೊದಲ ಅನುಮಾನ ಔಷಧಿಯ ಮೇಲಲ್ಲ, ಅದನ್ನು ಎಳೆದುಕೊಳ್ಳುವ ರೀತಿಯ ಮೇಲೆ. ಬೆಲ್‌ಫಾಸ್ಟಿನ ವೈದ್ಯರು ಇದನ್ನೇ ಒಂದು ಪರೀಕ್ಷೆ ಮಾಡಿಕೊಂಡರು: ಒಂದು ವಾರ ಎದುರಿಗೇ ಇನ್‌ಹೇಲರ್ ಎಳೆಸುವುದು, ಫೆನೊ ಸರಸರ ಇಳಿದರೆ ರೋಗಿ ಮನೆಯಲ್ಲಿ ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಅರ್ಥ. "ಇನ್‌ಹೇಲರ್ ಅಭ್ಯಾಸ ಆಗಿಬಿಡುತ್ತದೆ" ಎಂಬ ಹೆದರಿಕೆಯಿಂದ ಅದನ್ನು ಬೀರುವಿನಲ್ಲಿ ಇಟ್ಟುಕೊಂಡವರು ವೈದ್ಯರ ಮುಂದೆ ಹಾಗೆಂದು ಹೇಳುವುದಿಲ್ಲ. ಅವರ ಉಸಿರು ಹೇಳಿಬಿಡುತ್ತದೆ.

ಕಫವನ್ನೇ ನೇರವಾಗಿ ನೋಡಿದರೆ ಹೇಗೆ? ಎಲ್ಲಕ್ಕಿಂತ ಖಚಿತ ಅದೇ, ಎಲ್ಲಕ್ಕಿಂತ ರೇಜಿಗೆಯೂ ಅದೇ. ನೆಬ್ಯುಲೈಸರಿನಲ್ಲಿ ಉಪ್ಪುನೀರಿನ ಆವಿ ಎಳೆಸಿ, ಆಳದಿಂದ ಕೆಮ್ಮಿಸಿ, ಬಂದ ಕಫದಲ್ಲಿ ಎಂಜಲನ್ನು ಬೇರ್ಪಡಿಸಿ, ಅಂಟನ್ನು ರಾಸಾಯನಿಕದಿಂದ ಕರಗಿಸಿ, ಗಾಜಿನ ಪಟ್ಟಿಯ ಮೇಲೆ ಹರಡಿ ನೂರಾರು ಕಣಗಳನ್ನು ಒಂದೊಂದಾಗಿ ಎಣಿಸಬೇಕು. ಶೇ 3ರಷ್ಟು ಅಥವಾ ಹೆಚ್ಚು ಇಯೊಸಿನೊಫಿಲ್ ಇದ್ದರೆ ಅದು ಆ ಬಗೆಯ ಉರಿಯೂತ. ಇಂಗ್ಲೆಂಡಿನ ಲೆಸ್ಟರಿನಲ್ಲಿ 74 ಅಸ್ತಮಾ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ರೂಢಿಯಂತೆ, ಇನ್ನೊಂದಕ್ಕೆ ಕಫದ ಎಣಿಕೆ ನೋಡಿಕೊಂಡು ಒಂದು ವರ್ಷ ಚಿಕಿತ್ಸೆ ಕೊಟ್ಟರು. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ ಗುಂಪಿನಲ್ಲಿ ತೀವ್ರ ಉಲ್ಬಣ 109 ಸಲ, ಎರಡನೆಯದರಲ್ಲಿ 35 ಸಲ.

ಸೂಚಕ ಇಲ್ಲದಿದ್ದರೆ ಒಳ್ಳೆಯ ಔಷಧಿಯೂ ಕಸದ ಬುಟ್ಟಿಗೆ ಹೋಗಬಹುದು ಎಂಬುದಕ್ಕೆ ಮೆಪೊಲಿಜುಮಾಬ್ ಎಂಬ ಚುಚ್ಚುಮದ್ದು ಸಾಕ್ಷಿ. ಇಂಟರ್‌ಲ್ಯೂಕಿನ್ 5ನ್ನು ತಡೆಯುವ ಮದ್ದು ಅದು. ಸಿಕ್ಕ ಅಸ್ತಮಾ ರೋಗಿಗಳಿಗೆಲ್ಲ ಕೊಟ್ಟು ನೋಡಿದ ಆರಂಭದ ಪ್ರಯೋಗಗಳಲ್ಲಿ ಇಯೊಸಿನೊಫಿಲ್ ಇಳಿಯಿತು, ಕಾಯಿಲೆ ಇಳಿಯಲಿಲ್ಲ. ಮದ್ದಿನ ಕಥೆ ಮುಗಿಯಿತು ಎಂದುಕೊಂಡವರಿದ್ದರು. 2009ರಲ್ಲಿ ಎರಡು ಸಣ್ಣ ಅಧ್ಯಯನಗಳು ಕಫದಲ್ಲಿ ಇಯೊಸಿನೊಫಿಲ್ ಇದ್ದವರನ್ನೇ ಆರಿಸಿ ಅದೇ ಮದ್ದನ್ನು ಕೊಟ್ಟಾಗ ಉಲ್ಬಣಗಳು ಗಣನೀಯವಾಗಿ ತಗ್ಗಿದವು. 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮದ್ದು ಬದಲಾಗಿರಲಿಲ್ಲ, ಯಾರಿಗೆ ಕೊಡಬೇಕೆಂಬುದು ಬದಲಾಗಿತ್ತು.

ಐಜಿಇ ಬಗ್ಗೆ ಒಂದೆರಡು ಮಾತು ಸಾಕು. ಅಲರ್ಜಿ ಇರುವ ಎಷ್ಟೋ ಜನರಲ್ಲಿ ಅದು ಏರಿರುತ್ತದೆ, ಜಂತುಹುಳುವಿನಿಂದಲೂ ಏರುತ್ತದೆ. ಅಂಕಿ ನೂರುಗಳಿಂದ ಸಾವಿರಗಳಿಗೆ ಜಿಗಿದಿದ್ದರೆ ಶ್ವಾಸನಾಳದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಮನೆ ಮಾಡಿ ಅದಕ್ಕೆ ಅಲರ್ಜಿ ಆಗಿದೆಯೇ ಎಂದು ನೋಡಬೇಕು. ಇದನ್ನು ಕ್ಷಯವೆಂದು ತಿಳಿದು ಟಿಬಿ ಮಾತ್ರೆ ನುಂಗಿಸುವುದು ನಮ್ಮ ದೇಶದಲ್ಲಿ ಅಪರೂಪವೇನಲ್ಲ. ಸಿಆರ್‌ಪಿ ಎಂಬ ರಕ್ತದ ಪ್ರೋಟೀನು ಇನ್ನೊಂದು ದಿಕ್ಕಿನ ಸೂಚಕ. ಸಿಒಪಿಡಿ ದಿಢೀರನೆ ಹೆಚ್ಚಾದಾಗ ಬ್ಯಾಕ್ಟೀರಿಯಾ ಸೋಂಕು ಇದೆಯೋ ಇಲ್ಲವೋ ಅಂದಾಜಿಸಲು ಬರುತ್ತದೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಬೆರಳಿನ ರಕ್ತದಿಂದ ಸಿಆರ್‌ಪಿ ನೋಡಿ ನಿರ್ಧರಿಸಿದಾಗ ಆ್ಯಂಟಿಬಯೊಟಿಕ್ ತೆಗೆದುಕೊಂಡವರ ಪ್ರಮಾಣ ಶೇ 77ರಿಂದ ಶೇ 57ಕ್ಕೆ ಇಳಿಯಿತು, ರೋಗಿಗಳಿಗೆ ಅದರಿಂದ ತೊಂದರೆಯಾಗಲಿಲ್ಲ.

ಉರಿಯೂತದ ಜೊತೆಗೇ ಹೆಣೆದುಕೊಂಡದ್ದು ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಉತ್ಕರ್ಷಣದ ಒತ್ತಡ. ಸಿಗರೇಟಿನ ಒಂದೇ ದಮ್ಮಿನಲ್ಲಿ ಫ್ರೀ ರ‍್ಯಾಡಿಕಲ್ ಎಂಬ ಚಂಚಲ ಅಣುಗಳು ಒಂದರ ಮುಂದೆ ಹದಿನೈದು ಸೊನ್ನೆ ಇಟ್ಟಷ್ಟು ಇರುತ್ತವೆ. ಸೌದೆ ಒಲೆಯ ಹೊಗೆಯೂ ಇದೇ ಜಾತಿಯದು. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಸರಳ ಲೆಕ್ಕ ಕೊಟ್ಟಿತು: ದಿನಕ್ಕೆ ಒಲೆಯ ಮುಂದೆ ಕೂರುವ ಗಂಟೆಗಳನ್ನು ವರ್ಷಗಳಿಂದ ಗುಣಿಸಿ, 60 ದಾಟಿದರೆ ದೀರ್ಘಕಾಲದ ಬ್ರಾಂಕೈಟಿಸ್ ಬರುವ ಸಂಭವ ಗಣನೀಯವಾಗಿ ಏರುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದ ಹೆಂಗಸು ಆ ಗೆರೆಯ ಮೇಲೆ ನಿಂತಿರುತ್ತಾಳೆ, ಒಂದು ಬೀಡಿಯನ್ನೂ ಸೇದದೆ.

ಒಳಗೆ ನಡೆಯುವುದೇನು? ಈ ಅಣುಗಳು ಜೀವಕೋಶದ ಪೊರೆಯ ಕೊಬ್ಬನ್ನು ಒಡೆಯುತ್ತವೆ. ಆಗ ಹುಟ್ಟುವ ಚೂರುಗಳಲ್ಲಿ ಮ್ಯಾಲೊಂಡೈಆಲ್ಡಿಹೈಡ್ ಒಂದು. ಡಬ್ಬಿಯಲ್ಲಿ ಬಹಳ ದಿನ ಉಳಿದ ಚಕ್ಕುಲಿಯ ಎಣ್ಣೆ ಕಮಟು ಹಿಡಿಯುವುದೂ ಇದೇ ರಸಾಯನಕ್ರಿಯೆಯಿಂದ; ಆಹಾರದ ಲ್ಯಾಬಿನಲ್ಲಿ ಕಮಟು ಅಳೆಯುವ ಥಯೊಬಾರ್ಬಿಟ್ಯೂರಿಕ್ ಆಮ್ಲದ ಪರೀಕ್ಷೆಯನ್ನೇ ರಕ್ತಕ್ಕೂ ಮಾಡುತ್ತಾರೆ. ಅದಕ್ಕಿಂತ ನಂಬಬಹುದಾದದ್ದು 1990ರಲ್ಲಿ ಬೆಳಕಿಗೆ ಬಂದ ಐಸೊಪ್ರೊಸ್ಟೇನ್ ಎಂಬ ಗುಂಪು. ಇನ್ನು ನ್ಯೂಟ್ರೊಫಿಲ್‌ಗಳು ಉಗುಳುವ ಹೈಡ್ರೊಜನ್ ಪೆರಾಕ್ಸೈಡ್ ಉಸಿರಿನ ತೇವದಲ್ಲೇ ಸಿಗುತ್ತದೆ. ತಣ್ಣಗಿನ ಕೊಳವೆಯೊಳಗೆ ಹತ್ತು ಹದಿನೈದು ನಿಮಿಷ ಸುಮ್ಮನೆ ಉಸಿರಾಡಿಸಿದರೆ ಒಂದೆರಡು ಮಿಲಿಲೀಟರ್ ನೀರು ಕೂಡುತ್ತದೆ, ಅದನ್ನು ಪರೀಕ್ಷಿಸುತ್ತಾರೆ.

ಹಾಗಿದ್ದರೆ ಆಸ್ಪತ್ರೆಯಲ್ಲಿ ಇವುಗಳನ್ನು ಯಾಕೆ ಬರೆದುಕೊಡುವುದಿಲ್ಲ? ಕೂಡಿದ್ದು ಬಹುಪಾಲು ಬರೀ ನೀರು. ಹುಡುಕುವ ವಸ್ತು ಅತ್ಯಲ್ಪ, ಯಂತ್ರದ ಮಿತಿಯ ಅಂಚಿನಲ್ಲಿರುತ್ತದೆ. ಪೆರಾಕ್ಸೈಡ್ ಬೇಗ ಒಡೆದುಹೋಗುತ್ತದೆ. ಮ್ಯಾಲೊಂಡೈಆಲ್ಡಿಹೈಡ್ ಮಧುಮೇಹ, ಹೃದ್ರೋಗದಲ್ಲೂ ಏರುತ್ತದೆ, ಶ್ವಾಸಕೋಶದ್ದೇ ಎಂದು ಬೆರಳು ಮಾಡಿ ತೋರಿಸಲಾಗದು. ಎಲ್ಲಕ್ಕಿಂತ ಮಿಗಿಲಾಗಿ, ಅಂಕಿ ಹೆಚ್ಚಿದೆ ಎಂದು ತಿಳಿದರೆ ಮಾಡುವುದೇನು ಎಂಬುದಕ್ಕೆ ಉತ್ತರವಿಲ್ಲ.

ಸಿದ್ಧಾಂತಕ್ಕೇನೂ ಕೊರತೆಯಿಲ್ಲ. ಸ್ಟೀರಾಯ್ಡ್ ಉರಿಯೂತದ ಜೀನ್‌ಗಳ ಬಾಯಿ ಮುಚ್ಚಿಸುವುದು ಎಚ್‌ಡಿಎಸಿ2 ಎಂಬ ಕಿಣ್ವದ ನೆರವಿನಿಂದ. ಉತ್ಕರ್ಷಣದ ಒತ್ತಡ ಆ ಕಿಣ್ವವನ್ನೇ ಕೆಡಿಸುತ್ತದೆ; ಸಿಒಪಿಡಿಯಲ್ಲಿ ಸ್ಟೀರಾಯ್ಡ್ ನಾಟದಿರುವುದಕ್ಕೆ ಇದು ಒಂದು ಕಾರಣ ಎಂದು ಲಂಡನ್ನಿನ ಪೀಟರ್ ಬಾರ್ನ್ಸ್ ಮತ್ತು ಸಂಗಡಿಗರು ತೋರಿಸಿದರು. ಥಿಯೊಫಿಲಿನ್ ಮಾತ್ರೆ ಸಣ್ಣ ಪ್ರಮಾಣದಲ್ಲಿ ಆ ಕಿಣ್ವವನ್ನು ಚೇತರಿಸಬಲ್ಲದು ಎಂದು ಪ್ರಯೋಗಾಲಯದಲ್ಲಿ ಕಂಡಿತು. ಬ್ರಿಟನ್ನಿನಲ್ಲಿ 1,500ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು: ವರ್ಷಕ್ಕೆ ಉಲ್ಬಣ ಮಾತ್ರೆ ತಿಂದವರಲ್ಲಿ ಸರಾಸರಿ 2.24, ತಿನ್ನದವರಲ್ಲಿ 2.23. ಅಷ್ಟು ಸೊಗಸಾದ ಸಿದ್ಧಾಂತಕ್ಕೆ ಇದಕ್ಕಿಂತ ನಿರ್ದಯ ಉತ್ತರ ಸಿಗಲಾರದು.

"ಆ್ಯಂಟಿಆಕ್ಸಿಡೆಂಟ್" ಎಂದು ಬರೆದ ಡಬ್ಬಿಗಳನ್ನು ಮಾರುವವರು ಇಂಥ ಸೋಲುಗಳನ್ನು ಹೇಳುವುದಿಲ್ಲ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಎನ್-ಅಸಿಟೈಲ್‌ಸಿಸ್ಟೀನ್ ಮಾತ್ರ ಸ್ವಲ್ಪ ಬೇರೆ: ಚೀನಾದ 2014ರ ಅಧ್ಯಯನದಲ್ಲಿ ದಿನಕ್ಕೆರಡು ಬಾರಿ 600 ಮಿಲಿಗ್ರಾಂ ಕೊಟ್ಟಾಗ ಸಿಒಪಿಡಿ ಉಲ್ಬಣಗಳು ತುಸು ಕಡಿಮೆಯಾದವು. ಅದಕ್ಕೂ ಮೊದಲು ಯುರೋಪಿನಲ್ಲಿ ಅದರ ಅರ್ಧ ಪ್ರಮಾಣ ಕೊಟ್ಟು ನೋಡಿದಾಗ ಶ್ವಾಸಕೋಶದ ಸಾಮರ್ಥ್ಯ ಕುಂದುವುದು ನಿಂತಿರಲಿಲ್ಲ. ವೈದ್ಯರು ಬರೆದರೆ ತೆಗೆದುಕೊಳ್ಳಿ. ಹೊಗೆ ಬಿಡದೆ ಅದೊಂದನ್ನೇ ನುಂಗಿ ಪ್ರಯೋಜನವಿಲ್ಲ.

ಎದೆರೋಗ ತಜ್ಞರ ಬಳಿ ಹೋಗುವಾಗ ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಕೊಂಡು ಹೋಗಿ, ಡೆಂಗಿ ಬಂದಾಗ ಮಾಡಿಸಿದ್ದೋ ಹೆರಿಗೆಯ ಹೊತ್ತಿನದೋ ಏನೇ ಇರಲಿ. ಪ್ರತಿ ಚೀಟಿಯ ಮೇಲೆ ಆ ದಿನ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಾ ಎಂದು ಪೆನ್ನಿನಲ್ಲಿ ಬರೆದಿಡಿ. ಜಂತುಹುಳುವಿನ ಮಾತ್ರೆ ಕೊನೆಯ ಬಾರಿ ಯಾವಾಗ ತಿಂದದ್ದು ಎಂಬುದನ್ನೂ ಬರೆಯಿರಿ. ಇನ್‌ಹೇಲರನ್ನು ಚೀಲದಲ್ಲಿ ಇಟ್ಟುಕೊಳ್ಳುವುದನ್ನು ಮರೆಯಬೇಡಿ. ಅದನ್ನು ಎಳೆದು ತೋರಿಸಿ ಎಂದು ಅವರು ಕೇಳದಿದ್ದರೆ ನೀವೇ ಎಳೆದು ತೋರಿಸಿ, ಸರಿಯಿದೆಯೇ ಎಂದು ಕೇಳಿ.